ಬೂದಿದಿಬ್ಬಕ್ಕೆ ಭಾಷೆಯಿಲ್ಲ: ಗಡಿ ತಾಲೂಕುಗಳ ಹುಲ್ಲುನೆಲ ಮತ್ತು ಪ್ರಾಚೀನತೆಯ ಓದು

ದಖ್ಖನ್ನಿನ ಪ್ರಾಚೀನ ಜನಜೀವನವನ್ನು ಕುರಿತ ಬರಹಗಳಲ್ಲಿ ಹುಲ್ಲುಗಾವಲಿಗೆ ದೊರೆತಿರುವ ಸ್ಥಾನ ವಿಚಿತ್ರವಾದುದು. ದನಗಾಹಿ, ಕುರಿಗಾಹಿ ಸಮುದಾಯಗಳನ್ನು ಕುರಿತು ಬರೆಯುವವರು ಅದನ್ನು ಹೆಸರಿಸುತ್ತಾರೆ. ಆದರೆ ಅದು ಯಾವ ಮಣ್ಣಿನಲ್ಲಿ ಬೆಳೆಯಿತು, ಎಷ್ಟು ಮಳೆಯಲ್ಲಿ ಉಳಿಯಿತು, ಯಾರ ಮೇವಿನಿಂದ ಮತ್ತು ಯಾರ ಬೆಂಕಿಯಿಂದ ಹುಲ್ಲುಗಾವಲಾಗಿಯೇ ಮುಂದುವರಿಯಿತು ಎಂಬ ಪ್ರಶ್ನೆಗಳು ಹಿನ್ನೆಲೆಗೆ ಸರಿಯುತ್ತವೆ. ಜಹೀರಾಬಾದ್, ನಾರಾಯಣಖೇಡ, ತಾಂಡೂರು ಸೀಮೆಗೆ ಈ ಪ್ರಶ್ನೆಗಳು ಕೇವಲ ಪುರಾತತ್ವದವಲ್ಲ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಜಹೀರಾಬಾದಿನ ಬಹುಭಾಗ ಮತ್ತು ನಾರಾಯಣಖೇಡ ಬೀದರ ಜಿಲ್ಲೆಯಿಂದಲೂ ತಾಂಡೂರು ಕಲಬುರಗಿ ಜಿಲ್ಲೆಯಿಂದಲೂ ಬೇರ್ಪಟ್ಟು ಆಂಧ್ರಪ್ರದೇಶಕ್ಕೆ ಸೇರಿದವು. ಇಂದು ಮೊದಲೆರಡು ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯಲ್ಲಿವೆ, ಮೂರನೆಯದು ವಿಕಾರಾಬಾದ್ ಜಿಲ್ಲೆಯಲ್ಲಿದೆ. ಅಲ್ಲಿನ ಕನ್ನಡದ ಹಕ್ಕಿನ ಮಾತು ಬಂದಾಗ ‘ಇಲ್ಲಿ ಮೊದಲು ನೆಲೆಸಿದವರು ಯಾರು’ ಎಂಬ ವಾದವೂ ತಾನಾಗಿ ಸೇರಿಕೊಳ್ಳುತ್ತದೆ. ಈ ವಾದಕ್ಕೆ ಆಧಾರವಾಗಿ ಎರಡು ಓದಿನ ಮಾದರಿಗಳು ನಮ್ಮ ಮುಂದಿವೆ: ಒಂದು ಬೂದಿಯನ್ನು ಓದುವುದು, ಇನ್ನೊಂದು ಊರ ಹೆಸರನ್ನು ಓದುವುದು. ಎರಡನ್ನೂ ಈ ಮೂರು ತಾಲೂಕುಗಳ ನೆಲದ ಮೇಲಿಟ್ಟು ಪರೀಕ್ಷಿಸುವುದು ಅಗತ್ಯ.

ಮೊದಲ ಮಾದರಿ ಎಫ್. ಆರ್. ಆಲ್ಚಿನ್ ಅವರದು. ಹಳೆಯ ಮಹಬೂಬನಗರ ಜಿಲ್ಲೆಯ ಉತ್ನೂರಿನಲ್ಲಿ 1957ರಲ್ಲಿ ನಡೆಸಿದ ಉತ್ಖನನದ ಬಲದ ಮೇಲೆ ಅವರು ‘ನಿಯೊಲಿಥಿಕ್ ಕ್ಯಾಟಲ್-ಕೀಪರ್ಸ್ ಆಫ್ ಸೌತ್ ಇಂಡಿಯಾ’ ಎಂಬ ಗ್ರಂಥವನ್ನು 1963ರಲ್ಲಿ ಪ್ರಕಟಿಸಿದರು. ಬೂದಿದಿಬ್ಬಗಳು ನವಶಿಲಾಯುಗದ ದನದ ದೊಡ್ಡಿಗಳು. ಅಲ್ಲಿ ಸೇರಿದ ಸಗಣಿಯ ರಾಶಿಗೆ ಕಾಲಕಾಲಕ್ಕೆ ಬೆಂಕಿಯಿಟ್ಟುದರಿಂದ ದಿಬ್ಬಗಳು ಏರಿದವು ಎಂಬುದು ಅದರ ತಿರುಳು. ಮರದ ಕಂಬಗಳ ಬೇಲಿಯ ಗುರುತು, ಮಣ್ಣಿನಲ್ಲಿ ಮೂಡಿದ ದನದ ಗೊರಸಿನ ಅಚ್ಚು, ಸುಟ್ಟ ಪದರದ ಮೇಲೆ ಮತ್ತೆ ಸುಟ್ಟ ಪದರ: ಈ ಸಾಕ್ಷ್ಯಗಳು ಇಂದಿಗೂ ಗಟ್ಟಿಯಾಗಿ ನಿಂತಿವೆ. ಆಲ್ಚಿನ್ನರ ದೊಡ್ಡ ಕೊಡುಗೆಯೆಂದರೆ ಊರು, ಕೋಟೆ, ದೇಗುಲಗಳಿಗಿಂತ ಮೊದಲು ದೊಡ್ಡಿಯನ್ನು ಚರಿತ್ರೆಯ ಘಟಕವಾಗಿ ನಿಲ್ಲಿಸಿದ್ದು.

ಆದರೆ ಆ ಬೆಂಕಿಯನ್ನು ಇಂದಿನ ಋತುಹಬ್ಬಗಳ ಬೆಂಕಿಯೊಂದಿಗೆ ಜೋಡಿಸುವಲ್ಲಿ ಅವರ ವಾದ ಸಾಕ್ಷ್ಯವನ್ನು ಮೀರಿ ಚಾಚುತ್ತದೆ. ನಾಲ್ಕು ಸಾವಿರ ವರ್ಷಗಳ ಅಂತರವನ್ನು ಹೋಲಿಕೆಯೊಂದೇ ತುಂಬಲಾರದು. ಸುರಪುರ ಸೀಮೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯ ನಡೆಸಿದ ಉತ್ಖನನಗಳು ಮತ್ತೊಂದು ತಿದ್ದುಪಡಿ ತಂದವು: ಬೂದಿದಿಬ್ಬದ ಮಗ್ಗುಲಲ್ಲೇ ವಾಸದ ನೆಲೆ ಇತ್ತು, ಮಾಂಸ ಕಡಿಯುವ ನೆಲವೂ ಇತ್ತು. ಎಂದರೆ ದೊಡ್ಡಿಯು ಅಲೆಮಾರಿಗಳ ತಂಗುದಾಣ ಮಾತ್ರವಲ್ಲ, ನೆಲೆನಿಂತ ಬದುಕಿನ ಅಂಗವೂ ಹೌದು. ಡೋರಿಯನ್ ಫುಲ್ಲರ್ ಮತ್ತಿತರರು ಸಸ್ಯಾವಶೇಷಗಳನ್ನು ಪರಿಶೀಲಿಸಿ ಹುರುಳಿ, ಹೆಸರು, ಕೊರಲೆಗಳ ಬೇಸಾಯವನ್ನು ತೋರಿಸಿದ ಮೇಲೆ ‘ದನಗಾಹಿ’ ಎಂಬ ಒಂಟಿ ಹಣೆಪಟ್ಟಿಯೂ ಸಡಿಲವಾಯಿತು. ಹುಲ್ಲುನೆಲವು ಜನರನ್ನು ಅಲೆಸಿತು ಎಂಬುದು ಅರ್ಧ ಸತ್ಯ. ಹುಲ್ಲಿನೊಂದಿಗೆ ಕಾಳನ್ನೂ ಹೊಂದಿಸಿಕೊಳ್ಳುವ ನೆಲೆಯನ್ನು ಅದು ಕಲಿಸಿತು ಎಂಬುದು ಉಳಿದರ್ಧ.

ಈಗ ಮೂರು ತಾಲೂಕುಗಳ ನೆಲಕ್ಕೆ ಬರಬಹುದು. ಬೂದಿದಿಬ್ಬಗಳ ಮುಖ್ಯ ಹರವು ಬಳ್ಳಾರಿ, ರಾಯಚೂರು, ಯಾದಗಿರಿ, ಕರ್ನೂಲು, ಹಳೆಯ ಮಹಬೂಬನಗರ ಸೀಮೆಗಳಲ್ಲಿದೆ. ಅಲ್ಲಿ ಬಹುಪಾಲು ಗ್ರಾನೈಟ್ ಗುಡ್ಡಗಳು. ಬಂಡೆಯ ನೆರಳಲ್ಲಿ ವಾಸ, ಸಂದುಗಳಲ್ಲಿ ನೀರು, ಬುಡದಲ್ಲಿ ಮೇವು, ಹತ್ತಿರದಲ್ಲೇ ಕೊಡಲಿಗೆ ಬೇಕಾದ ಕರಿಗಲ್ಲು. ಜಹೀರಾಬಾದ್ ಹಾಗಲ್ಲ. ಅದು ಬೀದರ ಪ್ರಸ್ಥಭೂಮಿಯ ಅಂಚು; ಕರಿಶಿಲೆಯ ಮೇಲೆ ಜಂಬಿಟ್ಟಿಗೆಯ ಹೊದಿಕೆ, ಎತ್ತರದಲ್ಲಿ ತೆಳುವಾದ ಕೆಂಪು ಮಣ್ಣು, ತಗ್ಗಿನಲ್ಲಿ ಎರೆ. ನಾರಾಯಣಖೇಡದ ನೀರು ಮಂಜೀರೆಯ ಕಡೆಗೆ, ಅಲ್ಲಿಂದ ಗೋದಾವರಿಗೆ ಹರಿಯುತ್ತದೆ. ತಾಂಡೂರು ಸುಣ್ಣಕಲ್ಲಿನ ನಾಡು. ಅದರ ಕಾಗಿಣಾ ಭೀಮೆಯನ್ನು ಕೂಡಿ ಕೃಷ್ಣೆಗೆ ಸೇರುತ್ತದೆ. ಮಳೆಯೂ ರಾಯಚೂರು, ಬಳ್ಳಾರಿಗಳಿಗಿಂತ ಹೆಚ್ಚು. ಒಂದೇ ‘ಹುಲ್ಲುಗಾವಲು’ ಎಂಬ ಮಾತಿನೊಳಗೆ ಮೂರು ಬಗೆಯ ನೆಲ, ಎರಡು ನದೀಕಣಿವೆಗಳು ಅಡಗಿವೆ. ಗ್ರಾನೈಟ್ ಸೀಮೆಯ ಮಾದರಿಯನ್ನು ಎತ್ತಿ ಇಲ್ಲಿ ಇಡುವುದು ಆದ್ದರಿಂದ ಸಲ್ಲದು. ಇಲ್ಲಿ ನೆಲೆಯನ್ನು ನಿರ್ಧರಿಸಿದ್ದು ಬಂಡೆಯ ನೆರಳಿಗಿಂತ ಹೆಚ್ಚಾಗಿ ಎತ್ತರದ ತೆಳುಮಣ್ಣಿಗೂ ತಗ್ಗಿನ ಎರೆಗೂ ನಡುವಿನ ಅಂಚು ಎಂದು ಊಹಿಸಲು ಕಾರಣವಿದೆ: ಮಳೆಗಾಲದಲ್ಲಿ ಮೇಲಿನ ಹುಲ್ಲು, ಹಿಂಗಾರಿನಲ್ಲಿ ತಗ್ಗಿನ ಜೋಳ, ಕೊಯ್ಲಾದ ಮೇಲೆ ಅದೇ ಹೊಲದ ಕೂಳೆ. ಹೊಲದಲ್ಲಿ ಕುರಿ ನಿಲ್ಲಿಸಿ ಗೊಬ್ಬರ ಪಡೆಯುವ ಒಪ್ಪಂದ ಇದೇ ಅಂಚಿನ ತರ್ಕದ್ದು.

ಎರಡನೆಯ ಮಾದರಿ ಶಂಬಾ ಜೋಶಿಯವರದು. ‘ಕಣ್ಮರೆಯಾದ ಕನ್ನಡ’ದಿಂದ ‘ಎಡೆಗಳು ಹೇಳುವ ಕಂನಾಡ ಕತೆ’ಯವರೆಗೆ ಅವರು ಊರ ಹೆಸರುಗಳನ್ನು ಚರಿತ್ರೆಯ ಪಳೆಯುಳಿಕೆಗಳೆಂದು ಬಗೆದರು, ‘ಹಾಲುಮತ ದರ್ಶನ’ದಲ್ಲಿ ಪಶುಪಾಲಕರನ್ನು ಕನ್ನಡ ಸಂಸ್ಕೃತಿಯ ಬುಡಕ್ಕೆ ತಂದರು. ಅರಮನೆಯ ಶಾಸನಗಳಿಂದ ಹಟ್ಟಿಯ ಕಡೆಗೆ ದೃಷ್ಟಿಯನ್ನು ತಿರುಗಿಸಿದ ಧೈರ್ಯ ಅವರದು. ಆಲ್ಚಿನ್ನರ ದೊಡ್ಡಿಗೂ ಶಂಬಾ ಅವರ ಹಟ್ಟಿಗೂ ನಡುವೆ ಸೇತುವೆ ಕಟ್ಟುವ ಆಸೆ ಯಾರಿಗಾದರೂ ಹುಟ್ಟುವುದು ಸಹಜ. ಆದರೆ ಆ ಸೇತುವೆಗೆ ಕಂಬಗಳಿಲ್ಲ. ಬೂದಿದಿಬ್ಬಕ್ಕೆ ಭಾಷೆಯಿಲ್ಲ, ದೊಡ್ಡಿಗೆ ಬೆಂಕಿಯಿಟ್ಟವರು ಯಾವ ನುಡಿಯಾಡುತ್ತಿದ್ದರೆಂದು ಬೂದಿಯಿಂದ ತಿಳಿಯದು. ಊರ ಹೆಸರಿನ ಸಾಕ್ಷ್ಯವೂ ಗಡಿಯಲ್ಲಿ ಎರಡಲಗಿನದು. ನ್ಯಾಲಕಲ್ ಎಂಬಲ್ಲಿನ ‘ಕಲ್’ ಅನ್ನು ಕನ್ನಡದ್ದೆಂದು ಹಿಡಿದರೆ ಓರುಗಲ್ಲಿನ ‘ಕಲ್ಲು’ ಎದುರು ನಿಲ್ಲುತ್ತದೆ. ದ್ರಾವಿಡ ಭಾಷೆಗಳಿಗೆ ಸಾಮಾನ್ಯವಾದ ಪದವನ್ನು ಒಂದು ಭಾಷೆಯ ಪಟ್ಟೆಗೆ ಬರೆದುಕೊಳ್ಳುವುದು ಭಾಷಾಶಾಸ್ತ್ರವಾಗದು, ಗಡಿವಿವಾದವಾದೀತು.

ಈ ಎರಡು ತುದಿಗಳ ನಡುವೆ ಹೆಚ್ಚು ಫಲಕಾರಿಯಾದ ದಾರಿ ಗುಂಟರ್ ಸೊಂಥೈಮರ್ ಅವರದು. ಅವರು ಬಿರೋಬಾ, ಮ್ಹಸ್ಕೋಬಾ, ಖಂಡೋಬರನ್ನು ಅಧ್ಯಯನ ಮಾಡುವಾಗ ಮೂಲನಿವಾಸಿ ಯಾರೆಂದು ಕೇಳದೆ ಕಾಡು-ಮೇವಿನ ನೆಲಕ್ಕೂ ಉತ್ತ ನೆಲಕ್ಕೂ ಇದ್ದ ಕೊಡುಕೊಳುವಿಕೆಯನ್ನು ಹುಡುಕಿದರು. ಖಂಡೋಬನಿಗೆ ಇಬ್ಬರು ಹೆಂಡಿರು. ಬಾಣಾಯಿ ಧನಗರರವಳು, ಮ್ಹಾಳಸೆ ವರ್ತಕ ಕುಲದವಳು. ತೆಲಂಗಾಣದ ಮಲ್ಲನ್ನನಿಗೂ ಗೊಲ್ಲ ಕೇತಮ್ಮ, ಬಲಿಜ ಮೇಡಲಮ್ಮ ಇದ್ದಾರೆ. ಬೀದರ ಜಿಲ್ಲೆಯ ಖಾನಾಪುರದ ಮೈಲಾರ ಮಲ್ಲಣ್ಣ ಈ ಎರಡರ ನಡುವಿನ ನೆಲದಲ್ಲಿ ನಿಂತಿದ್ದಾನೆ. ಮರಾಠಿ, ಕನ್ನಡ, ತೆಲುಗುಗಳಲ್ಲಿ ಹೆಸರು ಬದಲಾದರೂ ಮೇವಿನ ನೆಲವೂ ಪೇಟೆಯೂ ಒಂದೇ ಮನೆಯಲ್ಲಿ ಸಂಸಾರ ಹೂಡಿದ ಕಥೆ ಉಳಿದಿದೆ. ಕುರುಬರಲ್ಲಿ ಹತ್ತಿಕಂಕಣ, ಉಣ್ಣೆಕಂಕಣವೆಂಬ ಭೇದ, ತೆಲುಗಿನ ಕುರುಮರಲ್ಲಿ ಪತ್ತಿ, ಉನ್ನಿ ಎಂಬ ಭೇದ ಇದನ್ನೇ ಸೂಚಿಸುತ್ತವೆ. ಈ ಸಾಕ್ಷ್ಯ ನವಶಿಲಾಯುಗದ್ದಲ್ಲ. ಆದರೆ ನೆಲದ ಸ್ವರೂಪವು ಬದುಕಿನ ವಿನ್ಯಾಸವಾಗಿ ಪರಿಣಮಿಸುವ ಬಗೆಯನ್ನು ಇದು ಹೆಚ್ಚು ನಂಬಿಕೆಯಾಗುವಂತೆ ತೋರಿಸುತ್ತದೆ.

ಈ ಓದಿನ ವರ್ತಮಾನದ ಪರಿಣಾಮ ಸಣ್ಣದಲ್ಲ. ಕಂದಾಯದ ಕಡತದಲ್ಲಿ ಹುಲ್ಲುನೆಲಕ್ಕೆ ‘ಬಂಜರು’ ಎಂಬುದೇ ಹೆಸರು. ನ್ಯಾಲಕಲ್, ಝರಾಸಂಗಮ ಮಂಡಲಗಳಲ್ಲಿ ರಾಷ್ಟ್ರೀಯ ಹೂಡಿಕೆ ಮತ್ತು ಉತ್ಪಾದನಾ ವಲಯಕ್ಕಾಗಿ ಗುರುತಿಸಿದ 12 ಸಾವಿರಕ್ಕೂ ಹೆಚ್ಚು ಎಕರೆಯ ಚರ್ಚೆಯಲ್ಲಿ ಈ ಹೆಸರಿನ ಭಾರ ಕಾಣುತ್ತದೆ. ಹಾಗೆಂದು ಹುಲ್ಲುಗಾವಲನ್ನು ಕಳೆದುಹೋದ ಸ್ವರ್ಗವೆಂದು ಬಣ್ಣಿಸುವುದೂ ತಪ್ಪಾದೀತು. 1983ರಲ್ಲಿ ಆರಂಭವಾದ, ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳ ದಲಿತ ಮಹಿಳೆಯರು ಪಾಳುಬಿದ್ದ ನೆಲವನ್ನೇ ಉತ್ತು ಜೋಳ, ನವಣೆ, ಸಾವೆಗಳನ್ನು ಬೆಳೆದರು. ಅವರಿಗೆ ಆ ಬೀಳುನೆಲವು ಕೈಗೆಟುಕಿದ ಏಕೈಕ ಭೂಮಿಯಾಗಿತ್ತು. ಅಂಚಿನ ನೆಲದಲ್ಲಿ ಹುಲ್ಲನ್ನೂ ಕಾಳನ್ನೂ ಹೊಂದಿಸುವ ಹಳೆಯ ಪ್ರಶ್ನೆಯೇ ಇಲ್ಲಿ ಹೊಸ ರೂಪದಲ್ಲಿ ಬಂದಿದೆ. ಉತ್ತರದಲ್ಲಿ ಕುರಿಗಾಹಿಗೂ ಕೂಲಿಯವಳಿಗೂ ಪಾಲಿರಬೇಕು.

ಗಡಿನಾಡಿನ ಕನ್ನಡ ಸಂಶೋಧನೆಯ ಮುಂದಿನ ಕೆಲಸ ಇದರಿಂದ ಸ್ಪಷ್ಟವಾಗುತ್ತದೆ. ಮೇವಿನ ದಾರಿಗಳು, ದೊಡ್ಡಿಯ ಜಾಗಗಳು, ಹುಲ್ಲಿನ ಜಾತಿಗಳ ಹೆಸರುಗಳು, ಕುರಿ ನಿಲ್ಲಿಸುವ ಕರಾರಿನ ಮಾತುಗಳು ಮೂರೂ ತಾಲೂಕುಗಳಲ್ಲಿ ಕನ್ನಡ, ತೆಲುಗು, ಮರಾಠಿ, ಉರ್ದುಗಳು ಬೆರೆತ ನುಡಿಯಲ್ಲಿ ಬಳಕೆಯಾಗುತ್ತವೆ. ಅವುಗಳನ್ನು ಆ ಬೆರಕೆಯ ರೂಪದಲ್ಲೇ ದಾಖಲಿಸಬೇಕು. ಕನ್ನಡ ಶಾಲೆಯ ಹಕ್ಕನ್ನು ಕೇಳಲು ನಾಲ್ಕು ಸಾವಿರ ವರ್ಷದ ಬೂದಿ ಬೇಕಿಲ್ಲ. ಇಂದು ಆ ಭಾಷೆಯನ್ನಾಡುವ ಮಕ್ಕಳಿದ್ದರೆ ಸಾಕು. ಆ ಹೊರೆಯನ್ನು ಇಳಿಸಿದಾಗ ಮಾತ್ರ ಹುಲ್ಲುನೆಲದ ಪ್ರಾಚೀನತೆಯನ್ನು ಅದರ ಸಾಕ್ಷ್ಯ ಎಷ್ಟು ಹೇಳುತ್ತದೋ ಅಷ್ಟಕ್ಕೇ ನಿಷ್ಠವಾಗಿ ಓದಲು ಸಾಧ್ಯವಾಗುತ್ತದೆ.