ಶಿಕ್ಷಕ ಶಿಕ್ಷಣದ ಪಠ್ಯಕ್ರಮ: ವರ್ಷದ ಲೆಕ್ಕ ಮತ್ತು ಅರಿವಿನ ಲೆಕ್ಕ

ಶಿಕ್ಷಕರನ್ನು ಸಿದ್ಧಗೊಳಿಸುವ ಮಹಾವಿದ್ಯಾಲಯಗಳ ಪಠ್ಯಕ್ರಮವು ಇತ್ತೀಚಿನ ವರ್ಷಗಳಲ್ಲಿ ಮೇಲಿಂದ ಮೇಲೆ ಪರಿಷ್ಕಾರಕ್ಕೆ ಒಳಗಾಗುತ್ತಿದೆ. ನ್ಯಾಯಮೂರ್ತಿ ಜೆ. ಎಸ್. ವರ್ಮಾ ಆಯೋಗದ 2012ರ ವರದಿಯ ತರುವಾಯ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು 2014ರಲ್ಲಿ ಹೊಸ ನಿಯಮಗಳನ್ನು ರೂಪಿಸಿತು. 2015ರಿಂದ ಒಂದು ವರ್ಷದ ಬಿ.ಇಡಿ. ಎರಡು ವರ್ಷದ್ದಾಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 2030ರ ವೇಳೆಗೆ ನಾಲ್ಕು ವರ್ಷದ ಸಂಯೋಜಿತ ಪದವಿಯೇ ಶಿಕ್ಷಕರ ಕನಿಷ್ಠ ಅರ್ಹತೆಯಾಗಬೇಕೆಂದಿತು. 2025ರಲ್ಲಿ ಪ್ರಕಟವಾದ ಕರಡು ನಿಯಮಗಳು ಸ್ನಾತಕೋತ್ತರ ಪದವೀಧರರಿಗೆ ಒಂದು ವರ್ಷದ ಬಿ.ಇಡಿ.ಯನ್ನು ಮರಳಿ ತರಲು ಸೂಚಿಸಿದವು. ಒಂದು ಎರಡಾಯಿತು, ಎರಡು ನಾಲ್ಕಾಗಬೇಕೆಂದಾಯಿತು, ಮತ್ತೆ ಒಂದರ ಮಾತು ಬಂದಿತು. ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರಿದ ಶಿಕಾರಿಪುರ, ಸೊರಬ ಸೀಮೆಯಲ್ಲಿ ಶಿಕ್ಷಕರಾಗಬಯಸುವ ತರುಣ ತರುಣಿಯರು ಈ ಏರಿಳಿತದ ನಡುವೆಯೇ ತಮ್ಮ ದಾರಿಯನ್ನು ಹುಡುಕಿಕೊಳ್ಳಬೇಕಾಗಿದೆ.

ವರ್ಷಗಳ ಸಂಖ್ಯೆಯೇ ಮುಖ್ಯ ಪ್ರಶ್ನೆಯಾಗಿದ್ದರೆ ಅದು ಎಂದೋ ಪರಿಹಾರವಾಗುತ್ತಿತ್ತು. 1963ರಲ್ಲಿ ಮೈಸೂರಿನಲ್ಲಿ ಆರಂಭವಾದ ಪ್ರಾದೇಶಿಕ ಶಿಕ್ಷಣ ಮಹಾವಿದ್ಯಾಲಯವು ನಾಲ್ಕು ವರ್ಷದ ಸಂಯೋಜಿತ ಶಿಕ್ಷಣವನ್ನು ಆಗಲೇ ಕೈಗೊಂಡಿತ್ತು. 1964-66ರ ಕೊಠಾರಿ ಆಯೋಗವು ದೋಷವನ್ನು ಬೇರೆಡೆಯಲ್ಲಿ ಗುರುತಿಸಿತು: ಶಿಕ್ಷಕರ ತರಬೇತಿ ಸಂಸ್ಥೆಗಳು ಒಂದು ಕಡೆ ವಿಶ್ವವಿದ್ಯಾಲಯದ ಜ್ಞಾನಜೀವನದಿಂದಲೂ ಇನ್ನೊಂದು ಕಡೆ ಶಾಲೆಗಳ ನಿತ್ಯಜೀವನದಿಂದಲೂ ದೂರವಾಗಿ ಒಂಟಿಯಾಗಿವೆ ಎಂಬುದೇ ಅದರ ಅಭಿಪ್ರಾಯದ ಸಾರ. ಯಾವ ಪಠ್ಯಕ್ರಮವನ್ನಾದರೂ ಈ ಒರೆಗಲ್ಲಿಗೆ ಹಚ್ಚಿ ನೋಡುವುದು ಯುಕ್ತ.

ಹಾಗೆ ನೋಡಿದರೆ 2014ರ ಪಠ್ಯಕ್ರಮವನ್ನು ಹಗುರವಾಗಿ ಕಾಣಲಾಗದು. ಅದು ಪ್ರಶಿಕ್ಷಣಾರ್ಥಿಗಳು ಒಟ್ಟು ಇಪ್ಪತ್ತು ವಾರಗಳನ್ನು ಶಾಲೆಯೊಡನೆ ಕಳೆಯಬೇಕೆಂದು ವಿಧಿಸಿತು. ಅವುಗಳಲ್ಲಿ ಹದಿನಾರು ವಾರ ಎರಡನೆಯ ವರ್ಷದ ಶಾಲಾನುಭವಕ್ಕೆ ಮೀಸಲು. ಪಠ್ಯಗಳನ್ನು ಓದಿ ಚಿಂತಿಸುವುದು, ನಾಟಕ ಮತ್ತು ಕಲೆ, ತನ್ನನ್ನು ತಾನು ಅರಿಯುವುದು ಎಂಬ ವಿಷಯಗಳಿಗೂ ಅಲ್ಲಿ ಎಡೆ ದೊರೆಯಿತು. ಭಾಷೆಯು ಭಾಷಾಶಿಕ್ಷಕನೊಬ್ಬನ ಹೊಣೆಯಲ್ಲ, ಗಣಿತ ವಿಜ್ಞಾನಗಳನ್ನು ಕಲಿಸುವವನಿಗೂ ಸೇರಿದ್ದು ಎಂಬ ತಿಳಿವು ಒಂದು ಪತ್ರಿಕೆಯಾಗಿಯೇ ಬಂದಿತು. ಇವೆಲ್ಲವೂ ಸ್ವಾಗತಾರ್ಹವೇ.

ಆದರೆ ಪತ್ರಿಕೆಯ ಹೆಸರು ಬದಲಾದ ಮಾತ್ರಕ್ಕೆ ಓದು ಬದಲಾಗುವುದಿಲ್ಲ. ತನ್ನನ್ನು ಅರಿಯುವ ಪತ್ರಿಕೆಯೂ ಕೊನೆಗೆ ದಾಖಲೆ ಪುಸ್ತಕವಾಗಿ, ಬಣ್ಣದ ಹೊದಿಕೆ ಹಾಕಿಸಿಕೊಂಡು, ಸಹಿಗಾಗಿ ಕಾಯುವ ಅಪಾಯವಿದೆ. ಮೂಲಗ್ರಂಥವನ್ನು ಕೈಯಲ್ಲಿ ಹಿಡಿಯದೆ ಟಿಪ್ಪಣಿಗಳಿಂದಲೇ ಪಠ್ಯಚಿಂತನೆಯನ್ನು ಮುಗಿಸಿದವರು ಮಕ್ಕಳಿಗೆ ಓದಿನ ರುಚಿಯನ್ನು ಹೇಗೆ ಹತ್ತಿಸಿಯಾರು? ಕೊರತೆಯಿರುವುದು ವಿಷಯಪಟ್ಟಿಯಲ್ಲಿ ಅಲ್ಲ. ಆ ಪಟ್ಟಿಯನ್ನು ತುಂಬಬೇಕಾದ ಓದಿನಲ್ಲಿ.

ಈ ಓದಿಗೆ ಬೇಕಾದ ಸಾಮಗ್ರಿಯು ಶಿಕಾರಿಪುರ ತಾಲ್ಲೂಕಿನಲ್ಲಿಯೇ ಕಲ್ಲಿನ ಮೇಲೆ ನಿಂತಿದೆ. ಬಳ್ಳಿಗಾವೆಯ ಕೋಡಿಯ ಮಠವನ್ನು ವರ್ಣಿಸುವ 1162ರ ಶಾಸನವು ಒಂದು ಪಠ್ಯಕ್ರಮವೇ ಸರಿ. ನಾಲ್ಕು ವೇದಗಳು, ಕೌಮಾರ, ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳು, ಬೌದ್ಧವೂ ಸೇರಿದಂತೆ ದರ್ಶನಗಳು, ಲಾಕುಳ ಸಿದ್ಧಾಂತ, ಪಾತಂಜಲ ಯೋಗ, ಪುರಾಣ, ಕಾವ್ಯ, ನಾಟಕ ಎಲ್ಲವನ್ನೂ ಅದು ಹೆಸರಿಸುತ್ತದೆ. ಅದೇ ಉಸಿರಿನಲ್ಲಿ ದೀನರಿಗೆ, ಅಂಧರಿಗೆ, ಕುಂಟರಿಗೆ ಅನ್ನದಾನವನ್ನೂ ರೋಗಿಗಳಿಗೆ ಔಷಧೋಪಚಾರವನ್ನೂ ಹೇಳುತ್ತದೆ. ಆ ಮಠವು ಕಾಳಾಮುಖರದು. ತನ್ನದಲ್ಲದ ದರ್ಶನಕ್ಕೂ ಸ್ಥಳವಿತ್ತ ಅದರ ಔದಾರ್ಯ, ವಿದ್ಯೆಯನ್ನೂ ಅನ್ನವನ್ನೂ ಬೇರ್ಪಡಿಸದ ಅದರ ವಿವೇಕ ಇಂದಿನ ಪ್ರಶಿಕ್ಷಣಾರ್ಥಿಗೆ ವಿಚಾರಯೋಗ್ಯ. ಸಮೀಪದ ತಾಳಗುಂದದ ಹನ್ನೆರಡನೆಯ ಶತಮಾನದ ಶಾಸನವೊಂದರಲ್ಲಿ ವೇದಾಧ್ಯಯನದ ಜೊತೆಗೆ ಕನ್ನಡ ಅಕ್ಷರವನ್ನು ಕಲಿಸುವ ವ್ಯವಸ್ಥೆಯ ಉಲ್ಲೇಖವೂ ಇದೆ.

ಇವುಗಳನ್ನು ಕೇವಲ ಹೆಮ್ಮೆಗಾಗಿ ಓದಿದರೆ ಪ್ರಯೋಜನವಿಲ್ಲ. ಆ ವಿದ್ಯೆ ಯಾರಿಗೆ ದೊರಕಿತು, ಯಾರಿಗೆ ದೊರಕಲಿಲ್ಲ ಎಂಬ ಪ್ರಶ್ನೆಯೂ ಜೊತೆಗಿರಬೇಕು. ಅದನ್ನು ಕೇಳಲು ಹೊರಗಿನವರು ಬರಬೇಕಾಗಿಲ್ಲ. ಬಳ್ಳಿಗಾವೆಯ ಅಲ್ಲಮಪ್ರಭು, ಉಡುತಡಿಯ ಅಕ್ಕಮಹಾದೇವಿ ಈ ಸೀಮೆಯವರೇ, ಆ ಶತಮಾನದವರೇ. ಶಾಸ್ತ್ರದ ಬಾಗಿಲು ತೆರೆಯದಿದ್ದ ಸ್ತ್ರೀಯರೂ ಕಾಯಕಜೀವಿಗಳೂ ಅಂದು ಕನ್ನಡದಲ್ಲಿ ಮಾತನಾಡಿದರು. ಹದಿನೈದನೆಯ ಶತಮಾನದ ಶೂನ್ಯಸಂಪಾದನೆಯಲ್ಲಿ ಅಲ್ಲಮನು ಅಕ್ಕನನ್ನು ನಿಷ್ಠುರವಾಗಿ ಪ್ರಶ್ನಿಸುತ್ತಾನೆ, ಅವಳು ಕುಗ್ಗದೆ ತನ್ನ ಅನುಭವದಿಂದಲೇ ಉತ್ತರಿಸುತ್ತಾಳೆ, ಕೇಳಿದವನು ತಲೆಬಾಗುತ್ತಾನೆ. ಕಲಿಯುವವಳ ಉತ್ತರದಿಂದ ಗುರುವೂ ಕಲಿಯಬಲ್ಲ ಇಂತಹ ಸಂವಾದವನ್ನು ಮುಂದಿಟ್ಟುಕೊಂಡರೆ ಮೌಲ್ಯಮಾಪನವೆಂಬ ಪತ್ರಿಕೆಗೆ ಜೀವ ಬರುವುದು.

ಸೊರಬದ ಕಡೆಗೆ ತಿರುಗಿದರೂ ಇದೇ ಪಾಠ. ಸೊರಬ ಮತ್ತು ಸಾಗರದ ಗುಡಿಗಾರರು ಶ್ರೀಗಂಧದ ಕೆತ್ತನೆಗೆ ಪ್ರಸಿದ್ಧರು. ಮನೆಯ ಹಿರಿಯರ ಬಳಿ ಕುಳಿತು, ಕಣ್ಣಿಂದ ನೋಡಿ, ಕೈಯಿಂದ ಮಾಡಿ ಕಲಿಯುವ ಆ ಪರಂಪರೆ 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿಯವರು ಮುಂದಿಟ್ಟ ಕಸುಬಿನ ಮೂಲಕ ಕಲಿಕೆಯ ತತ್ತ್ವಕ್ಕೆ ಕಣ್ಣೆದುರಿನ ಉದಾಹರಣೆ. ಕಲೆಯ ಪತ್ರಿಕೆಯನ್ನು ಓದುವ ಪ್ರಶಿಕ್ಷಣಾರ್ಥಿಯು ಒಂದು ದಿನವಾದರೂ ಅಂತಹ ಕೆಲಸದ ಮನೆಯಲ್ಲಿ ಕುಳಿತು, ಉಳಿ ಹಿಡಿಯಲು ಕಲಿಸುವ ಕೈಯನ್ನು ಗಮನಿಸಿದರೆ, ತಪ್ಪನ್ನು ತಿದ್ದುವ ಬಗೆ ಯಾವುದೆಂಬುದು ಗ್ರಂಥಕ್ಕಿಂತ ಚೆನ್ನಾಗಿ ಮನದಟ್ಟಾದೀತು.

ಇಲ್ಲಿ ಒಂದು ಆಕ್ಷೇಪಣೆ ಏಳಬಹುದು. ವಚನ ಸಾಹಿತ್ಯವನ್ನು ತರುವುದೆಂದರೆ ಒಂದು ಮತವನ್ನು ಪಠ್ಯಕ್ರಮದೊಳಗೆ ತಂದಂತಲ್ಲವೇ? ವಚನಗಳನ್ನು ನೀತಿಬೋಧೆಯಾಗಿ, ಪ್ರಾರ್ಥನೆಯ ಅಲಂಕಾರವಾಗಿ ಬಳಸಿದರೆ ಆ ಆಕ್ಷೇಪಣೆ ನ್ಯಾಯವೇ ಆಗುತ್ತದೆ. ವಚನಕಾರರಿಗೂ ಅದು ಗೌರವವಲ್ಲ. ಅವರು ನಂಬಿಕೆಯನ್ನೂ ಪ್ರಶ್ನೆಗೆ ಒಡ್ಡಿದವರು. ಅವರ ಮಾತನ್ನು ಒಪ್ಪುವ, ಒಪ್ಪದಿರುವ ಸ್ವಾತಂತ್ರ್ಯವನ್ನು ಓದುಗನಿಗೆ ಉಳಿಸಿ ಓದಿಸುವುದೇ ನಿಜವಾದ ಪಠ್ಯಚಿಂತನೆ.

ಮುಂದೆ ಒಂದು ವರ್ಷದ ಶಿಕ್ಷಣವೇ ಉಳಿಯಲಿ, ನಾಲ್ಕು ವರ್ಷದ್ದೇ ಬರಲಿ, ಅದರ ಫಲವನ್ನು ಉಣ್ಣುವುದು ಕುಗ್ರಾಮದ ಶಾಲೆಯ ಕೊನೆಯ ಸಾಲಿನಲ್ಲಿ ಕುಳಿತ ಮಗು. ಆ ಮಗುವಿಗೆ ತನ್ನ ಶಿಕ್ಷಕಿ ಎಷ್ಟು ಪತ್ರಿಕೆಗಳಲ್ಲಿ ಉತ್ತೀರ್ಣಳಾದಳೆಂಬುದು ತಿಳಿಯದು. ತಾನು ಕೇಳಿದ ಪ್ರಶ್ನೆಗೆ ಆಕೆ ಕಿವಿಗೊಟ್ಟಳೇ ಇಲ್ಲವೇ ಎಂಬುದು ಮಾತ್ರ ತಿಳಿಯುತ್ತದೆ. ನುಡಿಗೂ ನಡೆಗೂ ಅಂತರವಿರಬಾರದೆಂದು ಶರಣರು ಹೇಳಿದ ನೆಲದಲ್ಲಿ ಪಠ್ಯಕ್ರಮವನ್ನೂ ಇದೇ ತಕ್ಕಡಿಯಲ್ಲಿ ತೂಗುವುದು ಉಚಿತ.