ಏಕಮಾನವಿಲ್ಲದ ಶಕ್ತಿ, ಗುಳೆ ಹೋದ ತಾಯಿ

ಭೌತವಿಜ್ಞಾನದ ಪಾಠ ಹೇಳುವವನಿಗೆ ಮನಸ್ಸಿನ ಪುಸ್ತಕದ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಕಾರಣ ಒಂದು ಪ್ರಶ್ನೆ. ರಾಯಚೂರಿನಲ್ಲಿ ಶಿಕ್ಷಕರ ಕಾರ್ಯಾಗಾರವೊಂದು ಮುಗಿದ ಮೇಲೆ, ಮಾನವ ವಿಕಾಸವನ್ನು ಸ್ನಾತಕೋತ್ತರ ವಿಷಯವಾಗಿ ಓದುತ್ತಿದ್ದ ದೇವದುರ್ಗ ತಾಲ್ಲೂಕಿನ ವಿದ್ಯಾರ್ಥಿನಿಯೊಬ್ಬಳು ಕೇಳಿದಳು: “ಸರ್, ಈ ಪುಸ್ತಕದಾಗಿನ ತಾಯಿ ನಾಲ್ಕೈದು ವರ್ಷ ಮಗನ್ನ ಬಿಟ್ಟು ಇರೂದಿಲ್ಲ. ನಮ್ಮವ್ವ ಗುಳೆ ಹೋದಾಗ ನಾ ಮೂರು ವರ್ಷದ ಕೂಸು. ಅಜ್ಜಿ ಕೈಯಾಗ ಬೆಳದೆ. ನಾ ಯಾವ ಲೆಕ್ಕಕ್ಕ ಬರ್ತೀನ್ರಿ?”

ಅವಳ ಕೈಯಲ್ಲಿದ್ದುದು ಸುಧೀರ್ ಕಕ್ಕರ್ ಅವರ ‘ದಿ ಇನ್ನರ್ ವರ್ಲ್ಡ್’. 1978ರಲ್ಲಿ ಪ್ರಕಟವಾದ ಈ ಇಂಗ್ಲಿಷ್ ಗ್ರಂಥ ಭಾರತೀಯ ಬಾಲ್ಯವನ್ನು ಮನೋವಿಶ್ಲೇಷಣೆಯ ದೃಷ್ಟಿಯಿಂದ ನೋಡುತ್ತದೆ. ಕಕ್ಕರ್ (1938–2024) ಮೊದಲು ಓದಿದ್ದು ಎಂಜಿನಿಯರಿಂಗ್. ಎರಿಕ್ ಎರಿಕ್ಸನ್ ಅವರ ಪ್ರಭಾವದಿಂದ ಅವರು ಮನಸ್ಸಿನ ಅಧ್ಯಯನಕ್ಕೆ ಹೊರಳಿದರು. ಅವರ ವಾದದ ಸಾರ ಇಷ್ಟು: ಭಾರತದ ಗಂಡುಮಗು ದೀರ್ಘಕಾಲ ತಾಯಿಯ ಮಡಿಲಲ್ಲೇ ಬೆಳೆದು, ನಾಲ್ಕೈದು ವರ್ಷದ ಹೊತ್ತಿಗೆ ಥಟ್ಟನೆ ಗಂಡಸರ ಜಗತ್ತಿಗೆ ಬೀಳುತ್ತದೆ. ಇದು ಅದರ ‘ಎರಡನೆಯ ಜನ್ಮ’. ಈ ಅಗಲಿಕೆಯ ಗುರುತು ಮುಂದಿನ ವ್ಯಕ್ತಿತ್ವದಲ್ಲಿ ಉಳಿಯುತ್ತದೆ.

ಪುಸ್ತಕದ ಗುಣವನ್ನು ಮೊದಲು ಹೇಳಬೇಕು. ವಿಯೆನ್ನಾದಲ್ಲಿ ಹುಟ್ಟಿದ ಸಿದ್ಧಾಂತವನ್ನು ಇಲ್ಲಿಗೆ ತಂದು ಹಾಗೆಯೇ ಅಂಟಿಸದೆ, ನಮ್ಮ ಕೂಡುಕುಟುಂಬ, ಪುರಾಣ, ಸಂಸ್ಕಾರಗಳ ನಡುವೆ ಇಟ್ಟು ನೋಡಿದ್ದು ದೊಡ್ಡ ಕೆಲಸ. ಆದರೆ ಮೂರು ಆಕ್ಷೇಪಗಳಿವೆ.

ಮೊದಲನೆಯದು ಮಾದರಿಯದು. ಗ್ರಂಥದ ಗಮನ ಹೆಚ್ಚಾಗಿ ಮೇಲ್ಜಾತಿಯ ಹಿಂದೂ ಗಂಡುಮಗುವಿನ ಮೇಲಿದೆ. ಹತ್ತಿ ಬಿಡಿಸುವ, ಭತ್ತದ ನಾಟಿ ಮಾಡುವ, ಕಟ್ಟಡ ಕೆಲಸಕ್ಕೆ ಬೆಂಗಳೂರಿಗೆ ಹೋಗುವ ತಾಯಂದಿರ ಮಕ್ಕಳು ಅಲ್ಲಿ ಕಾಣುವುದು ಕಷ್ಟ. ಒಂದೇ ಜಾಗದ ಮಣ್ಣು ಪರೀಕ್ಷಿಸಿ ಇಡೀ ಜಿಲ್ಲೆಯ ಮಣ್ಣು ಹೀಗೆಯೇ ಎನ್ನಲಾಗದು.

ಎರಡನೆಯದು ಶಕ್ತಿಯದು. ಫ್ರಾಯ್ಡ್ 1876ರಿಂದ 1882ರವರೆಗೆ ಶರೀರಕ್ರಿಯಾ ವಿಜ್ಞಾನಿ ಬ್ರೂಕೆಯ ಪ್ರಯೋಗಾಲಯದಲ್ಲಿ ದುಡಿದವರು. ಶಕ್ತಿ, ಒತ್ತಡ, ಪ್ರತಿರೋಧ ಎಂಬ ಭೌತವಿಜ್ಞಾನದ ಮಾತುಗಳು ಅವರ ಬರಹದಲ್ಲಿ ಸೇರಿಕೊಂಡವು. ಆದರೆ ಮಾನಸಿಕ ಶಕ್ತಿಗೆ ಏಕಮಾನವಿಲ್ಲ, ಅಳೆಯುವ ಉಪಕರಣವೂ ಇಲ್ಲ. ಅದು ಉಪಮೆಯಾಗಿ ಉಪಯುಕ್ತ. ನಿಯಮವೆಂದು ಪರೀಕ್ಷೆಯಲ್ಲಿ ಬರೆಸಿದರೆ ತಪ್ಪು.

ಮೂರನೆಯದು ಎಲ್ಲಕ್ಕಿಂತ ಗಂಭೀರ. ತಾಯಿ ಹತ್ತಿರವಿದ್ದರೆ ಅಂಟಿಕೊಂಡದ್ದರಿಂದ ತೊಂದರೆ, ದೂರವಿದ್ದರೆ ಅಗಲಿದ್ದರಿಂದ ತೊಂದರೆ ಎಂದು ಎರಡನ್ನೂ ವಿವರಿಸುವ ಸಿದ್ಧಾಂತ ಯಾವುದನ್ನೂ ಮುಂಚಿತವಾಗಿ ಹೇಳುವುದಿಲ್ಲ. ತತ್ತ್ವಜ್ಞ ಅಡಾಲ್ಫ್ ಗ್ರುನ್‌ಬಾಮ್ 1984ರಲ್ಲಿ ಎತ್ತಿದ ಆಕ್ಷೇಪವನ್ನೂ ಸೇರಿಸಿಕೊಳ್ಳಿ: ಚಿಕಿತ್ಸೆಯ ಕೋಣೆಯಲ್ಲಿ ರೋಗಿ ಆಡುವ ಮಾತು ಚಿಕಿತ್ಸಕನ ಸೂಚನೆಯಿಂದಲೇ ಬಣ್ಣ ಪಡೆದಿರಬಹುದು.

ಹಾಗಾದರೆ ಈ ದೃಷ್ಟಿಯನ್ನೇ ಕೈಬಿಡಬೇಕೆ? ಬೇಡ. ಎ. ಕೆ. ರಾಮಾನುಜನ್ ಉತ್ತರ ಕರ್ನಾಟಕದ ಹಳ್ಳಿಯೊಂದರಲ್ಲಿ ಸಂಗ್ರಹಿಸಿದ ಕಥೆಯನ್ನು ಗಮನಿಸಿ. ಮಗನನ್ನೇ ಮದುವೆಯಾಗುವ ಹಣೆಬರಹ ಹೊತ್ತ ಹೆಣ್ಣಿನ ಕಥೆ ಅದು. ಗ್ರೀಕರ ಈಡಿಪಸ್ ಕಥೆಯಲ್ಲಿ ನಡುವೆ ನಿಂತವನು ಮಗ. ಇಲ್ಲಿ ದುಃಖವೆಲ್ಲ ತಾಯಿಯದು. ಭಾರತದ ಇಂಥ ಎಷ್ಟೋ ಕಥೆಗಳಲ್ಲಿ ತಂದೆಯೇ ಮಗನ ಮೇಲೆ ಎರಗುತ್ತಾನೆ ಎಂದೂ ರಾಮಾನುಜನ್ ತೋರಿಸಿದರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ರೇಖೆ ಅದೇ, ಸದಿಶದ ದಿಕ್ಕು ತಿರುಗಿದೆ. ಸಿದ್ಧಾಂತವನ್ನು ಸ್ಥಳೀಯ ಸಾಮಗ್ರಿಯಿಂದ ತಿದ್ದುವ ಬಗೆ ಇದು.

ಇನ್ನೊಂದು ಬಗೆ ದೀರ್ಘಕಾಲದ ವೀಕ್ಷಣೆ. ಹವಾಯಿಯ ಕವಾಯ್ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ಸಂಗಡಿಗರು ದಶಕಗಳ ಕಾಲ ಹಿಂಬಾಲಿಸಿದರು. ಬಡತನ, ಮನೆಯ ಕಲಹ ಮೊದಲಾದ ಹಲವು ಅಪಾಯಗಳ ನಡುವೆ ಬೆಳೆದವರಲ್ಲಿಯೂ ಸುಮಾರು ಮೂರರಲ್ಲಿ ಒಂದು ಭಾಗ ಸಮರ್ಥ ವಯಸ್ಕರಾದರು. ಅವರಿಗೆ ನೆರವಾದ ಸಂಗತಿಗಳಲ್ಲಿ ಒಂದು, ನೆಚ್ಚಬಹುದಾದ ಒಬ್ಬ ಹಿರಿಯರ ಆಸರೆ. ಎಷ್ಟೋ ಕಡೆ ಆ ಹಿರಿಯರು ಅಜ್ಜ ಅಥವಾ ಅಜ್ಜಿ.

ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಮಾನವ ಅಭಿವೃದ್ಧಿ ಮತ್ತು ಕುಟುಂಬ ಅಧ್ಯಯನಕ್ಕೆ ಸ್ನಾತಕೋತ್ತರ ವಿಭಾಗವೇ ಇದೆ. ಇಂಥ ವಿಭಾಗಗಳ ವಿದ್ಯಾರ್ಥಿಗಳಿಗೆ ನನ್ನ ಸಲಹೆ: ಹಂತಗಳ ಪಟ್ಟಿ ಬಾಯಿಪಾಠ ಮಾಡುವ ಬದಲು ದೇವದುರ್ಗ, ಮಾನ್ವಿಯ ಹಳ್ಳಿಗಳಿಗೆ ಹೋಗಿ. ಗುಳೆ ಹೋದ ಮತ್ತು ಹೋಗದ ಮನೆಗಳ ಮಕ್ಕಳನ್ನು ಕೆಲವು ವರ್ಷ ಗಮನಿಸಿ. ಮಗುವಿಗೆ ಉಣಿಸುವವರು ಯಾರು, ಪಕ್ಕದಲ್ಲಿ ಮಲಗುವವರು ಯಾರು, ಶಾಲೆ ಎಷ್ಟು ದಿನ ತಪ್ಪಿತು, ಬರೆದಿಡಿ. ನಿಮ್ಮ ಊಹೆಯನ್ನು ಫಲಿತಾಂಶಕ್ಕೆ ಮೊದಲೇ ದಾಖಲಿಸಿ. ಶಿಕ್ಷಕರೇ, ಗುಳೆಯಿಂದ ಮರಳಿದ ಮಗು ಮೌನವಾಗಿ ಕುಳಿತರೆ ‘ದಡ್ಡ’ ಎಂದೋ ‘ತಾಯಿಯ ಪ್ರೀತಿ ಕಾಣದ್ದು’ ಎಂದೋ ಹಣೆಪಟ್ಟಿ ಹಚ್ಚಬೇಡಿ. ತಪ್ಪಿದ ಪಾಠವೂ ಕಾರಣವಾಗಿರಬಹುದು.

ಆ ವಿದ್ಯಾರ್ಥಿನಿಗೆ ನಾನು ಹೇಳಿದ್ದು ಇಷ್ಟೇ: “ನೀನು ಆಲೇಖದಲ್ಲಿ ರೇಖೆಯಿಂದ ದೂರ ಬಿದ್ದ ಬಿಂದು, ತಂಗಿ. ಅಂಥ ಬಿಂದುವನ್ನು ಅಳಿಸಬಾರದು, ರೇಖೆಯನ್ನೇ ಮತ್ತೊಮ್ಮೆ ಪರೀಕ್ಷಿಸಬೇಕು ಎಂದು ನಾವು ಪ್ರಯೋಗಾಲಯದಲ್ಲಿ ಕಲಿಸುತ್ತೇವೆ.”