ಕೆಂಪು ಕಣದ ಸಾಕ್ಷ್ಯ

ಬಿ.ಪಿ. ಇರುವ ಬಹುಪಾಲು ಜನರಿಗೆ ಅದು ಯಾಕೆ ಬಂತೆಂದು ವೈದ್ಯರು ಬೊಟ್ಟುಮಾಡಿ ಹೇಳಲಾರರು. ಅಪ್ಪನಿಗೆ ಇತ್ತೇ ಎಂದು ಕೇಳುತ್ತಾರೆ, ಉಪ್ಪು ಕಡಿಮೆ ಮಾಡಿ ಎನ್ನುತ್ತಾರೆ, ಮಾತ್ರೆ ಬರೆಯುತ್ತಾರೆ. ಹೀಗೆ ಕೈಗೆ ಸಿಗದ ಕಾರಣ ಕೆಂಪು ರಕ್ತಕಣದಲ್ಲಿ ಅಡಗಿದೆ ಎಂಬ ಆಸೆ ಹುಟ್ಟಿಸಿದ ಪ್ರಬಂಧವೊಂದು 1980ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಬಂತು. ಬರೆದವರು ಹಾರ್ವರ್ಡ್‌ನ ಮಿಟ್ಜಿ ಕನೆಸ್ಸಾ, ಡೇನಿಯಲ್ ಟೋಸ್ಟೆಸನ್ ಮತ್ತು ಸಂಗಡಿಗರು. ಅದರ ಪ್ರಯೋಗದ ಅಚ್ಚುಕಟ್ಟು ಇಂದಿಗೂ ಮೆಚ್ಚುವಂಥದ್ದು. ಅದರ ಮೇಲೆ ಕಟ್ಟಿದ ಸಿದ್ಧಾಂತದ ಬಗ್ಗೆ ಮಾತ್ರ ನನ್ನ ತಕರಾರು.

ಮೊದಲು ಪ್ರಯೋಗ. ಕೆಂಪು ಕಣದೊಳಗೆ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಹೊರಗಿನ ಪ್ಲಾಸ್ಮಾದಲ್ಲಿ ಇದು ತಿರುಗುಮುರುಗು. ಈ ಅಂತರ ಕಾಯುವುದು ಕೋಶಪೊರೆಯ ಪಂಪು: ಪ್ರತಿ ಸಲ ಮೂರು ಸೋಡಿಯಂ ಅಯಾನುಗಳನ್ನು ಹೊರದಬ್ಬಿ ಎರಡು ಪೊಟ್ಯಾಸಿಯಂ ಒಳಗೆಳೆಯುತ್ತದೆ. ಕನೆಸ್ಸಾ ತಂಡ ಅಳೆಯಹೊರಟದ್ದು ಈ ಪಂಪನ್ನಲ್ಲ, ಅದರ ಪಕ್ಕದಲ್ಲೇ ಸದ್ದಿಲ್ಲದೆ ನಡೆಯುವ ಇನ್ನೊಂದು ವಿನಿಮಯವನ್ನು. ರಕ್ತದಿಂದ ಕಣಗಳನ್ನು ಬೇರ್ಪಡಿಸಿ, ತೊಳೆದು, ಲಿಥಿಯಂ ದ್ರಾವಣದಲ್ಲಿ ಬೆಚ್ಚಗೆ ಇಟ್ಟರೆ ಲಿಥಿಯಂ ಒಳಗೆ ಸೇರುತ್ತದೆ. ಮತ್ತೆ ತೊಳೆದು ಅವನ್ನು ಎರಡು ಪಾಲು ಮಾಡುತ್ತಾರೆ. ಒಂದು ಪಾಲು ಸೋಡಿಯಂ ಇರುವ ದ್ರಾವಣಕ್ಕೆ, ಇನ್ನೊಂದು ಸೋಡಿಯಂ ಬದಲು ಮೆಗ್ನೀಸಿಯಂ ಇರುವುದಕ್ಕೆ. ಪಂಪು ಅಡ್ಡಬರದಂತೆ ಎರಡಕ್ಕೂ ಔಬೈನ್ ಬೆರೆಸುತ್ತಾರೆ. ಆಮೇಲೆ ಎರಡೂ ಕಡೆ ಎಷ್ಟು ಲಿಥಿಯಂ ಹೊರಬಂತೆಂದು ನೋಡಿ ಒಂದರಿಂದ ಒಂದನ್ನು ಕಳೆದರೆ, ಸೋಡಿಯಂಗೆ ಬದಲಾಗಿ ಹೊರಬಂದ ಲಿಥಿಯಂ ಎಷ್ಟೆಂದು ತಿಳಿಯುತ್ತದೆ. ಇಷ್ಟೇ ಲೆಕ್ಕ, ಆದರೆ ಚೆನ್ನಾದ ಲೆಕ್ಕ.

ಕಾರಣ ತಿಳಿಯದ ರಕ್ತದೊತ್ತಡದವರಲ್ಲಿ ಈ ವಿನಿಮಯದ ವೇಗ ಉಳಿದವರಿಗಿಂತ ಸರಾಸರಿ ಎರಡು ಪಟ್ಟಿನಷ್ಟಿತ್ತು. ಬೇರೆ ಕಾಯಿಲೆಯಿಂದಾಗಿ ಒತ್ತಡ ಏರಿದವರಲ್ಲಿ ಏರಿರಲಿಲ್ಲ. ಈ ಎರಡನೇ ಗುಂಪನ್ನು ಸೇರಿಸಿಕೊಂಡದ್ದೇ ಪ್ರಬಂಧದ ದೊಡ್ಡ ಗುಣ. ಅದಿಲ್ಲದಿದ್ದರೆ, ಒತ್ತಡ ಏರಿದ್ದರಿಂದಲೇ ಕಣ ಬದಲಾಯಿತು ಎಂದು ಯಾರಾದರೂ ತಳ್ಳಿಹಾಕಬಹುದಿತ್ತು. ರೋಗಿಗಳ ಹತ್ತಿರದ ರಕ್ತಸಂಬಂಧಿಗಳಲ್ಲೂ ವೇಗ ಹೆಚ್ಚಿದ್ದುದರಿಂದ ಇದು ವಂಶದಲ್ಲಿ ಹರಿಯುವ ಗುರುತೆಂಬ ನಂಬಿಕೆ ಬಲವಾಯಿತು. ಬಿ.ಪಿ. ಬರುವ ಮೊದಲೇ ಮಕ್ಕಳ ರಕ್ತ ನೋಡಿ ಎಚ್ಚರಿಸಬಹುದು ಎಂದು ಯಾರಿಗೆ ಅನ್ನಿಸದಿದ್ದೀತು?

ಸಿದ್ಧಾಂತವೂ ತಯಾರಿತ್ತು. ಅಮೆರಿಕದ ಮೊರ್ಡೆಕಾಯ್ ಬ್ಲಾಸ್ಟೀನ್ 1977ರಲ್ಲಿ, ರಕ್ತನಾಳದ ಸ್ನಾಯುಕೋಶದಲ್ಲಿ ಸೋಡಿಯಂ ಹೆಚ್ಚಿದರೆ ಕ್ಯಾಲ್ಸಿಯಂ ಕೂಡ ಹೆಚ್ಚುತ್ತದೆ, ನಾಳ ಬಿಗಿಯುತ್ತದೆ ಎಂದು ವಾದಿಸಿದ್ದರು. ಕೆಂಪು ಕಣದ ಪೊರೆಯಲ್ಲಿ ಕಂಡ ದೋಷ ನಾಳದ ಗೋಡೆಯಲ್ಲೂ ಇರಬೇಕು ಎಂದು ಸೇರಿಸಿಕೊಂಡರೆ ಸರಪಳಿ ಪೂರ್ತಿಯಾಗುತ್ತದೆ. ನನಗೆ ಅನುಮಾನವಿರುವುದು ಈ ‘ಇರಬೇಕು’ ಎಂಬಲ್ಲೇ. ರಕ್ತನಾಳದ ತುಣುಕನ್ನು ಯಾರೂ ಕೇಳಿದ ಕೂಡಲೇ ಕೊಡುವುದಿಲ್ಲ, ರಕ್ತ ಕೊಡುತ್ತಾರೆ. ಸಿಕ್ಕಿದ್ದನ್ನು ಅಳೆದದ್ದು ತಪ್ಪಲ್ಲ. ಸಿಕ್ಕಿದ್ದನ್ನೇ ಸಿಗದಿದ್ದುದರ ಪ್ರತಿನಿಧಿ ಮಾಡಿದ್ದು ಆತುರ. ಮೇಲಾಗಿ ಲಿಥಿಯಂ ನಮ್ಮ ರಕ್ತದಲ್ಲಿ ಲೆಕ್ಕಕ್ಕೆ ಬರುವಷ್ಟು ಇರುವುದೇ ಇಲ್ಲ. ಪ್ರಯೋಗಶಾಲೆಯಲ್ಲಿ ತುಂಬಿಸಿದಾಗಷ್ಟೇ ಹೀಗೆ ಕಾಣಿಸಿಕೊಳ್ಳುವ ವಿನಿಮಯ ದೇಹದಲ್ಲಿ ದಿನನಿತ್ಯ ಏನು ಮಾಡುತ್ತದೆ ಎಂಬ ಪ್ರಶ್ನೆಗೆ ಪ್ರಬಂಧದಲ್ಲಿ ಉತ್ತರವಿಲ್ಲ.

ಮುಂದಿನ ವರ್ಷಗಳು ಈ ಬಿರುಕನ್ನು ಅಗಲಿಸಿದವು. ಪ್ಯಾರಿಸ್‌ನಲ್ಲಿ ರಿಕಾರ್ಡೊ ಗರಾಯ್ ಮತ್ತು ಫಿಲಿಪ್ ಮೆಯರ್ ಅದೇ ಹೊತ್ತಿಗೆ ಕೆಂಪು ಕಣದಲ್ಲೇ ಬೇರೊಂದು ದೋಷ ತೋರಿಸಿದ್ದರು: ಸೋಡಿಯಂ ಪೊಟ್ಯಾಸಿಯಂ ಜೊತೆಯಾಗಿ ಸಾಗುವ ದಾರಿ ರೋಗಿಗಳಲ್ಲಿ ಮಂದವಾಗಿದೆ ಎಂದು. ಬೇರೆ ಪ್ರಯೋಗಾಲಯಗಳು ಅದನ್ನು ಒಮ್ಮೆ ಒಪ್ಪಿದವು, ಒಮ್ಮೆ ಅಲ್ಲಗಳೆದವು. ಲಿಥಿಯಂ ವಿನಿಮಯ ಅಷ್ಟು ಕೈಕೊಡಲಿಲ್ಲ. ಇಟಲಿಯ ಗುಬ್ಬಿಯೊ ಪಟ್ಟಣದ ಸಮೀಕ್ಷೆಯಲ್ಲೂ ಒತ್ತಡದೊಡನೆ ಅದರ ನಂಟು ಕಂಡಿತು. ಆದರೆ ಬೊಜ್ಜು, ರಕ್ತದ ಟ್ರೈಗ್ಲಿಸರೈಡ್, ಗರ್ಭಧಾರಣೆ ಎಲ್ಲವೂ ಅದನ್ನು ಏರಿಸುತ್ತವೆ ಎಂದೂ ಗೊತ್ತಾಯಿತು. ಅದಕ್ಕಿಂತ ಗಟ್ಟಿ ಪೆಟ್ಟು ಅಮೆರಿಕದ ಕರಿಯರಿಂದ ಬಂತು. ಬಿಳಿಯರಿಗಿಂತ ಅವರಲ್ಲಿ ರಕ್ತದೊತ್ತಡ ಹೆಚ್ಚು, ಈ ವಿನಿಮಯದ ವೇಗ ಮಾತ್ರ ಕಡಿಮೆ. ಕಾರಣ ಎಂದು ನಿಲ್ಲಿಸಿದ್ದು ಕಾಯಿಲೆ ಹೆಚ್ಚಿರುವ ಕಡೆಯೇ ತಗ್ಗಿದರೆ, ಅದು ಎಲ್ಲರ ಬಿ.ಪಿ.ಗೂ ಹೊಂದುವ ಕಾರಣವಾಗಿ ಉಳಿಯುವುದು ಕಷ್ಟ.

ಹಾಗೆಂದು ಇದೆಲ್ಲ ವ್ಯರ್ಥ ಎನ್ನುವವರ ಜೊತೆ ನಾನಿಲ್ಲ. 1988ರಲ್ಲಿ ಇದೇ ಪರೀಕ್ಷೆಯಿಂದ, ಸಕ್ಕರೆ ಕಾಯಿಲೆಯಲ್ಲಿ ಕಿಡ್ನಿ ಕೆಟ್ಟವರಿಗೂ ಕೆಡದವರಿಗೂ ಕೆಂಪು ಕಣದಲ್ಲಿ ವ್ಯತ್ಯಾಸ ಕಂಡಿತು. ಕಣ ಏನನ್ನೋ ಹೇಳುತ್ತಿತ್ತು, ನಿಜ. ತನ್ನ ಬಗ್ಗೆ ಹೇಳುತ್ತಿತ್ತೋ, ಇಡೀ ದೇಹದ ಬಗ್ಗೆಯೋ, ಅದನ್ನು ಬಿಡಿಸಿಕೊಳ್ಳುವ ತಾಳ್ಮೆ ಆ ದಶಕಕ್ಕೆ ಸಾಲಲಿಲ್ಲ.

ಈ ವಾದದಲ್ಲಿ ಎಲ್ಲಕ್ಕಿಂತ ಕಠೋರ ಸಾಕ್ಷಿ ಲಿಡ್ಲ್ ಸಿಂಡ್ರೋಮ್. 1963ರಲ್ಲಿ ಗ್ರ್ಯಾಂಟ್ ಲಿಡ್ಲ್ ಒಂದು ಕುಟುಂಬದಲ್ಲಿ ಗುರುತಿಸಿದ, ಎಳೆ ವಯಸ್ಸಿಗೇ ಒತ್ತಡ ಏರಿಸುವ ವಂಶಪಾರಂಪರ್ಯ ಕಾಯಿಲೆ ಅದು. ಅದರ ರೋಗಿಗಳ ಕೆಂಪು ಕಣಗಳಲ್ಲೂ ಸೋಡಿಯಂ ಸಾಗಣೆ ಮಾಮೂಲಿನಂತಿಲ್ಲ ಎಂಬ ವರದಿ ಬಂದಿತ್ತು. ಲಿಡ್ಲ್ ನೋಡಿದ ಆ ಮೊದಲ ರೋಗಿಗೆ ಮುಂದೆ ಕಿಡ್ನಿ ಕೈಕೊಟ್ಟು ಕಸಿ ಮಾಡಬೇಕಾಯಿತು. ಅಸ್ಥಿಮಜ್ಜೆ ಹಳೆಯದೇ, ಅದು ಹುಟ್ಟಿಸುವ ಕೆಂಪು ಕಣಗಳೂ ಹಳೆಯ ಜಾಯಮಾನದವೇ. ಬದಲಾದದ್ದು ಕಿಡ್ನಿ ಒಂದೇ, ಕಾಯಿಲೆಯ ಚಹರೆ ಹೋಗಿ ಒತ್ತಡ ಹತೋಟಿಗೆ ಬಂತು. ಅದು ವರದಿಯಾದ 1994ರಲ್ಲೇ, ಕಿಡ್ನಿಯ ಮೂತ್ರನಾಳಿಕೆಗಳಲ್ಲಿ ಸೋಡಿಯಂ ಹೀರುವ ಚಾನೆಲ್‌ನ ಜೀನಿನಲ್ಲಿ ಆ ಕಾಯಿಲೆಯ ಮೂಲ ಸಿಕ್ಕಿತು.